ಸೊಂಟದ ಆಪರೇಷನ್ ಬೇಕಾ, ಬೇಡ್ವಾ? ಈ ಪ್ರಶ್ನೆಯ ನೂರು ವರ್ಷದ ಕಥೆ

ಈ ಚಾನೆಲ್‌ನಲ್ಲಿ ನಾವು ಸಾಮಾನ್ಯವಾಗಿ ಕೋಟೆ, ಶಾಸನ, ನಿಜಾಮರು, ರೈಲು ಅಂತ ಮಾತಾಡ್ತಿರ್ತೀವಿ. ಇವತ್ತು ಸೊಂಟದ ಬಗ್ಗೆ ಮಾತಾಡೋಣ. ನಗಬೇಡಿ. ಹೈದರಾಬಾದಿನಲ್ಲಿರೋ ನಮ್ಮ ಕನ್ನಡದವರ ಯಾವ ವಾಟ್ಸಾಪ್ ಗುಂಪು ತೆಗೆದರೂ, ಬಾಡಿಗೆ ಮನೆ ಮತ್ತು ಊರಿನ ಬಸ್ಸು ಬಿಟ್ಟರೆ ಹೆಚ್ಚು ಸಲ ಬರೋ ವಿಷಯ ಇದೇ. ಯಾರೋ ಒಬ್ಬರು ಎಂಆರ್‌ಐ ರಿಪೋರ್ಟಿನ ಫೋಟೋ ಹಾಕ್ತಾರೆ. ಎಲ್4-ಎಲ್5 ಡಿಸ್ಕ್ ಬಲ್ಜ್ ಅಂತ ಇರುತ್ತೆ. ಡಾಕ್ಟ್ರು ಆಪರೇಷನ್ ಅಂದಿದ್ದಾರೆ, ಮಾಡಿಸ್ಲಾ ಬೇಡ್ವಾ ಅಂತ ಕೇಳ್ತಾರೆ. ಐದು ನಿಮಿಷದಲ್ಲಿ ನಲವತ್ತು ಉತ್ತರ. ಅರ್ಧ ಜನ "ಮುಟ್ಟಿಸಲೇಬೇಡಿ" ಅಂತಾರೆ, ಇನ್ನರ್ಧ ಜನ "ನಮ್ಮ ಭಾವ ಮಾಡಿಸಿ ಮೂರನೇ ದಿನಕ್ಕೆ ಎದ್ದು ಓಡಾಡಿದ್ರು" ಅಂತಾರೆ.

ನಾನು ಡಾಕ್ಟರ್ ಅಲ್ಲ. ಹಗಲು ಹೊತ್ತು ಕೋಡ್ ಬರೆದು, ರಾತ್ರಿ ಇತಿಹಾಸ ಓದೋನು. ಹಾಗಾಗಿ ನಿಮ್ಮ ಸೊಂಟಕ್ಕೆ ಏನು ಮಾಡಬೇಕು ಅಂತ ನಾನು ಹೇಳಲ್ಲ. ಈ "ಮಾಡಿಸ್ಲಾ ಬೇಡ್ವಾ" ಅನ್ನೋ ಪ್ರಶ್ನೆಗೆ ಉತ್ತರ ಹುಡುಕೋಕೆ ಜಗತ್ತು ಎಷ್ಟು ಪಾಡು ಪಟ್ಟಿದೆ, ಎಲ್ಲಿ ಎಡವಿದೆ, ಕೊನೆಗೆ ಏನು ಕಲಿತಿದೆ ಅನ್ನೋದನ್ನ ಹೇಳ್ತೀನಿ.

ಶುರು ಮಾಡೋಕೆ ಮುಂಚೆ ಒಂದು ಮಾತು. ಮೂತ್ರ ಕಟ್ಟಿಕೊಂಡರೆ ಅಥವಾ ಹಿಡಿತ ತಪ್ಪಿದರೆ, ಕೂರೋ ಜಾಗದಲ್ಲಿ ಮರಗಟ್ಟಿದ ಹಾಗಾದರೆ, ಪಾದ ಎತ್ತೋಕೇ ಆಗದೆ ಹೋದರೆ, ಈ ಇತಿಹಾಸ ಎಲ್ಲ ಆಮೇಲೆ ಓದಿ. ಅವತ್ತೇ ಎಮರ್ಜೆನ್ಸಿಗೆ ಹೋಗಿ. ನಾನು ಮುಂದೆ ಹೇಳೋ ಯಾವ ಟ್ರಯಲ್ಲೂ ಅಂಥವರಿಗೆ ಕಾಯಿರಿ ಅಂತ ಹೇಳಿಲ್ಲ.

ಮೊದಲು ನಮ್ಮೂರಿನ ಕಥೆ: 1888

ಶಸ್ತ್ರಚಿಕಿತ್ಸೆಗೆ ಸಂಬಂಧಪಟ್ಟ ಒಂದು ಪ್ರಶ್ನೆಯನ್ನ ಜಗತ್ತಿನ ಮುಂದೆ ದೊಡ್ಡದಾಗಿ ಪರೀಕ್ಷೆ ಮಾಡಿದ ಊರು ಹೈದರಾಬಾದ್. ನಾವು ವಾರಾಂತ್ಯಕ್ಕೆ ಬಿರಿಯಾನಿ ತಿನ್ನೋಕೆ ಹೋಗ್ತೀವಲ್ಲ, ಆ ಹಳೇ ಊರೇ.

ಎಡ್ವರ್ಡ್ ಲಾರಿ ಅಂತ ಒಬ್ಬರು ಇಲ್ಲಿ ರೆಸಿಡೆನ್ಸಿ ಸರ್ಜನ್ ಆಗಿದ್ದರು, ಹೈದರಾಬಾದ್ ಮೆಡಿಕಲ್ ಸ್ಕೂಲಿನ ಮುಖ್ಯಸ್ಥರೂ ಅವರೇ. ಆ ಕಾಲದಲ್ಲಿ ಆಪರೇಷನ್‌ಗೆ ಮುಂಚೆ ಕ್ಲೋರೋಫಾರ್ಮ್ ಕೊಟ್ಟು ಮಲಗಿಸೋರು. ಒಮ್ಮೊಮ್ಮೆ ರೋಗಿ ಮೇಜಿನ ಮೇಲೇ ಸತ್ತುಹೋಗ್ತಿದ್ದ. ಯಾಕೆ ಅನ್ನೋದರ ಬಗ್ಗೆ ಎರಡು ಗುಂಪು. ಲಂಡನ್ ಕಡೆಯವರು ಹೃದಯ ನಿಂತುಹೋಗುತ್ತೆ, ನಾಡಿ ನೋಡ್ತಾ ಇರಿ ಅನ್ನೋರು. ಎಡಿನ್‌ಬರೋ ಕಡೆಯವರು ಮೊದಲು ಉಸಿರು ನಿಲ್ಲುತ್ತೆ, ಉಸಿರು ನೋಡಿಕೊಂಡರೆ ಸಾಕು ಅನ್ನೋರು. ಲಾರಿ ಎಡಿನ್‌ಬರೋದಲ್ಲಿ ಜೇಮ್ಸ್ ಸೈಮ್ ಅವರ ಶಿಷ್ಯ. ಗುರು ಹೇಳಿದ್ದೇ ಅವರಿಗೆ ವೇದ.

1888ರಲ್ಲಿ ಲಾರಿ ಇಲ್ಲಿ ಮೊದಲ ಹೈದರಾಬಾದ್ ಕ್ಲೋರೋಫಾರ್ಮ್ ಕಮಿಷನ್ ಮಾಡಿಸಿದರು. ನಾಯಿಗಳ ಮೇಲೆ ಪ್ರಯೋಗ ಮಾಡಿ, ಉಸಿರೇ ಮೊದಲು ನಿಲ್ಲುತ್ತೆ ಅಂತ ವರದಿ ಬಂತು. ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆ ಇದನ್ನ ಒಪ್ಪಲಿಲ್ಲ. ಆಗ ಆರನೇ ನಿಜಾಮ ಮಹಬೂಬ್ ಅಲಿ ಖಾನ್ 1000 ಪೌಂಡ್ ಕೊಟ್ಟು, ನಿಮ್ಮ ಕಡೆಯಿಂದಲೇ ಒಬ್ಬರನ್ನ ಕಳಿಸಿ, ಬಂದು ನೋಡಲಿ ಅಂದರು. 1889ರಲ್ಲಿ ಲಾಡರ್ ಬ್ರಂಟನ್ ಅನ್ನೋ ಹೆಸರುವಾಸಿ ಔಷಧತಜ್ಞ ಹಡಗು ಹತ್ತಿ ಹೈದರಾಬಾದಿಗೆ ಬಂದರು. ನಾಯಿ, ಕೋತಿ, ಕುದುರೆ, ಮೇಕೆ ಅಂತ ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೀತು. ಲಾರಿ ಹೇಳಿದ್ದೇ ಸರಿ ಅಂತ ಬ್ರಂಟನ್ ಕೂಡ ಬರೆದುಬಿಟ್ಟರು. 1890ರಲ್ಲಿ ಲ್ಯಾನ್ಸೆಟ್‌ನಲ್ಲೇ ಅದು ಪ್ರಕಟ ಆಯ್ತು.

ಆದರೆ ಜನ ಸಾಯೋದು ನಿಲ್ಲಲಿಲ್ಲ. 1911ರಲ್ಲಿ ಗುಡ್‌ಮನ್ ಲೆವಿ ಅನ್ನೋರು, ಕ್ಲೋರೋಫಾರ್ಮ್ ಕಡಿಮೆ ಇದ್ದಾಗಲೇ ಹೃದಯದ ಬಡಿತ ಹಠಾತ್ತಾಗಿ ತಾಳ ತಪ್ಪಿ ನಿಂತುಹೋಗಬಹುದು ಅಂತ ತೋರಿಸಿದರು. ಹೈದರಾಬಾದಿನ ತೀರ್ಪು ಬಿದ್ದುಹೋಯ್ತು.

ಇಷ್ಟು ದೂರದ ಕಥೆ ಯಾಕೆ ಹೇಳಿದೆ ಅಂದ್ರೆ, ಇಲ್ಲಿ ದುಡ್ಡಿಗೆ ಕೊರತೆ ಇರಲಿಲ್ಲ, ಪ್ರಯೋಗಗಳ ಸಂಖ್ಯೆಗೂ ಇರಲಿಲ್ಲ, ಪ್ರಾಮಾಣಿಕತೆಗೂ ಇರಲಿಲ್ಲ. ನಂಬಿಕೆ ಮೊದಲೇ ಗಟ್ಟಿಯಾಗಿತ್ತು, ಪ್ರಯೋಗ ಆ ನಂಬಿಕೆಯ ಬೆನ್ನು ಹತ್ತಿ ಹೋಯ್ತು. ಸೊಂಟದ ಸರ್ಜರಿಯ ಕಥೆಯಲ್ಲೂ ಇದೇ ಆಗುತ್ತೆ, ನೋಡ್ತಾ ಹೋಗಿ.

ಚೀಟಿ ಎತ್ತೋ ನ್ಯಾಯ

ನಂಬಿಕೆಯಿಂದ ತಪ್ಪಿಸಿಕೊಳ್ಳೋಕೆ ಒಂದು ಉಪಾಯ ಸಿಕ್ಕಿದ್ದು 1940ರ ದಶಕದಲ್ಲಿ. ಯಾವ ರೋಗಿಗೆ ಯಾವ ಚಿಕಿತ್ಸೆ ಅಂತ ಡಾಕ್ಟರೂ ತೀರ್ಮಾನಿಸಬಾರದು, ರೋಗಿಯೂ ತೀರ್ಮಾನಿಸಬಾರದು. ಚೀಟಿ ಎತ್ತಿದ ಹಾಗೆ ಆಗಬೇಕು. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನೋಡಿದ ಬ್ರಿಟನ್ನಿನ 1948ರ ಟ್ರಯಲ್ ಇದಕ್ಕೆ ಹೆಸರುವಾಸಿ, ಅದರ ಹಿಂದೆ ಇದ್ದ ತಲೆ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್. ನಾವು ಆಫೀಸಿನಲ್ಲಿ ಎ/ಬಿ ಟೆಸ್ಟ್ ಅಂತ ಮಾಡ್ತೀವಲ್ಲ, ಅದರ ಅಜ್ಜ ಇದು.

ಈ ವಿಧಾನ ಬೆನ್ನುಮೂಳೆಗೆ ಬಂದಾಗ ನಮ್ಮ ದಕ್ಷಿಣ ಭಾರತದ ಪಾತ್ರ ದೊಡ್ಡದು. ಆಗ ಬೆನ್ನುಮೂಳೆಯ ಕ್ಷಯ ತುಂಬಾ ಇತ್ತು. ಎದೆ ಅಥವಾ ಹೊಟ್ಟೆ ಕಡೆಯಿಂದ ಹೋಗಿ ಕೆಟ್ಟ ಮೂಳೆ ತೆಗೆದು, ಬೇರೆ ಮೂಳೆ ಕೂರಿಸೋ "ಹಾಂಗ್‌ಕಾಂಗ್ ಆಪರೇಷನ್"ಗೆ ಭಾರೀ ಹೆಸರು. ಮದ್ರಾಸಿನಲ್ಲಿ 304 ರೋಗಿಗಳನ್ನ ಚೀಟಿ ಎತ್ತಿದ ಹಾಗೆ ಹಂಚಿದರು. ಕೆಲವರಿಗೆ ಆ ದೊಡ್ಡ ಆಪರೇಷನ್ ಜೊತೆ ಮಾತ್ರೆ. ಇನ್ನುಳಿದವರಿಗೆ ಬರೀ ಮಾತ್ರೆ, ಅದೂ ಓಡಾಡಿಕೊಂಡೇ. ನಡೆಯೋಕೇ ಆಗದಷ್ಟು ಕಾಲು ಸೋತವರನ್ನ ಇದರಲ್ಲಿ ಸೇರಿಸಿರಲಿಲ್ಲ. ಹತ್ತು ವರ್ಷದ ಲೆಕ್ಕ 1999ರಲ್ಲಿ ಪ್ರಕಟ ಆಯ್ತು. ಬರೀ ಮಾತ್ರೆ ತಗೊಂಡು ಓಡಾಡಿಕೊಂಡಿದ್ದವರು ಆಪರೇಷನ್ ಆದವರಿಗಿಂತ ಹಿಂದೆ ಬಿದ್ದಿರಲಿಲ್ಲ.

ಕ್ಷಯದಲ್ಲಿ ಶತ್ರು ಒಂದು ಬ್ಯಾಕ್ಟೀರಿಯಾ, ಅದಕ್ಕೆ ಮಾತ್ರೆ ಇದೆ. ನಮ್ಮ ನಿಮ್ಮ ಸೊಂಟದ ಸವೆತದಲ್ಲಿ ಅಂಥ ಒಬ್ಬ ಶತ್ರು ಇಲ್ಲ. ವಯಸ್ಸು, ಡಿಸ್ಕ್, ನರ, ಕುರ್ಚಿ, ಮನಸ್ಸು ಎಲ್ಲಾ ಸೇರಿಕೊಂಡಿರುತ್ತೆ. ಅದಕ್ಕೇ ಅಲ್ಲಿನ ಟ್ರಯಲ್‌ಗಳ ಕಥೆ ಇನ್ನೂ ಜಟಿಲ.

ಡಿಸ್ಕ್ ಸಿಕ್ಕಿದ್ದು 1934ರಲ್ಲಿ

ಕಾಲಿಗೆ ಕರೆಂಟ್ ಹೊಡೆದ ಹಾಗೆ ಇಳಿಯೋ ಸಯಾಟಿಕಾ ನೋವು ಮನುಷ್ಯರಿಗೆ ಹೊಸದೇನಲ್ಲ. ಆದರೆ ಅದಕ್ಕೆ ಜಾರಿದ ಡಿಸ್ಕ್ ಕಾರಣ ಅಂತ ವೈದ್ಯಲೋಕ ಒಪ್ಪಿದ್ದು 1934ರಲ್ಲಿ, ಬಾಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ ಅನ್ನೋ ಇಬ್ಬರು ಸರ್ಜನ್‌ಗಳು ಬರೆದ ಲೇಖನದ ಮೇಲೆ. ಅದರಲ್ಲಿದ್ದದ್ದು 19 ರೋಗಿಗಳು. ಅಲ್ಲಿಯವರೆಗೆ ಆಪರೇಷನ್‌ನಲ್ಲಿ ಸಿಗ್ತಿದ್ದ ಆ ಗಂಟನ್ನ ಗೆಡ್ಡೆ ಅಂದುಕೊಂಡಿದ್ದರು. ಅದು ಗೆಡ್ಡೆ ಅಲ್ಲ, ಡಿಸ್ಕ್ ಒಡೆದು ಹೊರಗೆ ಬಂದಿರೋ ಚೂರು ಅಂತ ಇವರು ತೋರಿಸಿದರು.

ಕಾರಣ ಸಿಕ್ಕಿತು ಅಂದ ಮೇಲೆ ಪರಿಹಾರವೂ ಸಿಕ್ಕಿತು ಅಂತ ಎಲ್ಲರಿಗೂ ಅನ್ನಿಸಿತು. ನರ ಒತ್ತೋ ಚೂರು ಇದೆ, ತೆಗೆದುಬಿಡಿ. ತರ್ಕ ಎಷ್ಟು ಸರಳವಾಗಿತ್ತು ಅಂದ್ರೆ, ತೆಗೆಯದೆ ಬಿಟ್ಟರೆ ಏನಾಗುತ್ತೆ ಅಂತ ಜೊತೆಯಲ್ಲಿಟ್ಟು ನೋಡಿದ ದೊಡ್ಡ ಟ್ರಯಲ್ ಬರೋಕೆ ಸುಮಾರು ಐವತ್ತು ವರ್ಷ ಹಿಡೀತು.

ನೋಡಿದವರು ನಾರ್ವೆಯ ಓಸ್ಲೋದ ಹೆನ್ರಿಕ್ ವೆಬರ್. ಡಿಸ್ಕ್ ಜಾರಿದ 280 ಜನರನ್ನ ತಗೊಂಡರು. ತುರ್ತಾಗಿ ಆಪರೇಷನ್ ಬೇಕಾದವರನ್ನ ಒಂದು ಕಡೆ ಇಟ್ಟರು, ತಾನಾಗೇ ಸುಧಾರಿಸ್ತಿರೋರನ್ನ ಇನ್ನೊಂದು ಕಡೆ. ನಡುವೆ, ಏನು ಮಾಡೋದು ಅಂತ ಖಚಿತವಿಲ್ಲದ 126 ಜನರನ್ನ ಚೀಟಿ ಎತ್ತಿದ ಹಾಗೆ ಎರಡು ಭಾಗ ಮಾಡಿದರು. 1983ರಲ್ಲಿ ಹತ್ತು ವರ್ಷದ ಫಲಿತಾಂಶ ಬಂತು. ಒಂದು ವರ್ಷದ ಹೊತ್ತಿಗೆ ಆಪರೇಷನ್ ಆದವರು ಸ್ಪಷ್ಟವಾಗಿ ಮುಂದಿದ್ದರು. ನಾಲ್ಕು ವರ್ಷಕ್ಕೆ ಆ ಅಂತರ ಲೆಕ್ಕಕ್ಕೆ ಸಿಗದಷ್ಟು ಕಡಿಮೆ ಆಗಿತ್ತು. ಹತ್ತು ವರ್ಷಕ್ಕೂ ಚಿತ್ರ ಹೆಚ್ಚು ಬದಲಾಗಲಿಲ್ಲ.

ಇದನ್ನ ಎರಡು ಥರ ಓದಬಹುದು. ನಾಲ್ಕು ವರ್ಷ ಕಾದರೆ ಎಲ್ಲರೂ ಒಂದೇ ಅಂತ ಹೇಳಬಹುದು. ಮನೆ ಲೋನ್ ಇರೋನಿಗೆ, ಎರಡು ವರ್ಷದ ಮಗುವನ್ನ ಎತ್ತಿಕೊಳ್ಳಬೇಕಾದ ತಾಯಿಗೆ ಆ ಮೊದಲ ಒಂದು ವರ್ಷವೇ ಎಲ್ಲಾ ಅಂತಲೂ ಹೇಳಬಹುದು. ಎರಡೂ ಸತ್ಯ. ಇಬ್ಬರು ಒಳ್ಳೆಯ ಡಾಕ್ಟರುಗಳು ಒಂದೇ ಪುರಾವೆ ಇಟ್ಟುಕೊಂಡು ಬೇರೆ ಬೇರೆ ಸಲಹೆ ಕೊಡೋದು ಹೀಗೇ.

ಗುಂಪು ಬದಲಾಯಿಸಿದ ರೋಗಿಗಳು

ವೆಬರ್ ಅವರ ಟ್ರಯಲ್ ಚಿಕ್ಕದಾಯ್ತು ಅಂತ ಅಮೆರಿಕದವರು ದೊಡ್ಡದೊಂದು ಶುರು ಮಾಡಿದರು. ಹೆಸರು ಸ್ಪೋರ್ಟ್. ಡಾರ್ಟ್‌ಮತ್‌ನ ಜೇಮ್ಸ್ ವೈನ್‌ಸ್ಟೀನ್ ಇದರ ಮುಖ್ಯಸ್ಥರು. 11 ರಾಜ್ಯಗಳ 13 ಕೇಂದ್ರಗಳು, ಸರ್ಕಾರದ ದುಡ್ಡು. 2000ದಲ್ಲಿ ರೋಗಿಗಳನ್ನ ಸೇರಿಸಿಕೊಳ್ಳೋಕೆ ಶುರು ಮಾಡಿದರು, ಡಿಸ್ಕ್ ಫಲಿತಾಂಶ 2006ರಲ್ಲಿ ಬಂತು. 501 ಜನರನ್ನ ಚೀಟಿ ಎತ್ತಿ ಹಂಚಿದ್ದರು, ಇನ್ನೂ 743 ಜನ ತಮಗೆ ಬೇಕಾದ್ದನ್ನ ತಾವೇ ಆರಿಸಿಕೊಂಡಿದ್ದರು.

ಎಲ್ಲರೂ ಕಾದು ಕೂತಿದ್ದ ಈ ಟ್ರಯಲ್‌ನಲ್ಲಿ ಏನಾಯ್ತು ಗೊತ್ತಾ? ರೋಗಿಗಳು ಹೇಳಿದ ಮಾತು ಕೇಳಲಿಲ್ಲ. ಆಪರೇಷನ್ ಗುಂಪಿಗೆ ಬಿದ್ದವರಲ್ಲಿ ಎರಡು ವರ್ಷ ಆದ ಮೇಲೂ ನೂರಕ್ಕೆ 60 ಜನ ಮಾತ್ರ ಆಪರೇಷನ್ ಮಾಡಿಸಿಕೊಂಡಿದ್ದರು. ಉಳಿದವರಿಗೆ ನೋವು ಕಡಿಮೆ ಆಯ್ತೋ, ಭಯ ಆಯ್ತೋ, ಹಿಂದೆ ಸರಿದರು. ಆಪರೇಷನ್ ಬೇಡ ಅನ್ನೋ ಗುಂಪಿಗೆ ಬಿದ್ದವರಲ್ಲಿ 45 ಜನ ನೋವು ತಡೆಯಲಾರದೆ ಹೋಗಿ ಮಾಡಿಸಿಕೊಂಡುಬಿಟ್ಟಿದ್ದರು. ನಿಮ್ಮ ಎ/ಬಿ ಟೆಸ್ಟ್‌ನಲ್ಲಿ ಅರ್ಧಕ್ಕರ್ಧ ಬಳಕೆದಾರರು ತಾವೇ ಎ ಇಂದ ಬಿಗೆ, ಬಿ ಇಂದ ಎಗೆ ಜಿಗಿದರೆ ಏನು ಮಾಡ್ತೀರಿ? ಡ್ಯಾಶ್‌ಬೋರ್ಡ್ ಮುಚ್ಚಿ ಮನೆಗೆ ಹೋಗ್ತೀರಿ.

ಅವರು ಹೋಗಲಿಲ್ಲ, ಎರಡು ಲೆಕ್ಕ ಕೊಟ್ಟರು. ಚೀಟಿಯಲ್ಲಿ ಯಾವ ಗುಂಪು ಬಂದಿತ್ತೋ ಅದರ ಪ್ರಕಾರ ನೋಡಿದರೆ ಎರಡೂ ಗುಂಪು ಚೆನ್ನಾಗಿ ಸುಧಾರಿಸಿದ್ದವು, ಆಪರೇಷನ್ ಕಡೆಗೆ ಒಲವು ಇದ್ದರೂ ಮುಖ್ಯ ಅಳತೆಗಳಲ್ಲಿ ವ್ಯತ್ಯಾಸ ಚಿಕ್ಕದು, ಖಚಿತವಾಗಿ ಹೇಳುವಂತಿಲ್ಲ. ನಿಜವಾಗಿ ಯಾರು ಏನು ಮಾಡಿಸಿಕೊಂಡರೋ ಅದರ ಪ್ರಕಾರ ನೋಡಿದರೆ ಆಪರೇಷನ್ ಆದವರು ಸಾಕಷ್ಟು ಮುಂದೆ. ಮೊದಲ ಲೆಕ್ಕದಲ್ಲಿ ಎರಡೂ ಗುಂಪು ಕಲಸಿಹೋಗಿವೆ. ಎರಡನೇ ಲೆಕ್ಕದಲ್ಲಿ ಚೀಟಿಯ ನ್ಯಾಯ ಉಳಿದಿಲ್ಲ, ಯಾಕಂದ್ರೆ ತಾವಾಗೇ ಮುಂದೆ ಬಂದವರೇ ಬೇರೆ ಥರದ ಜನ ಇರಬಹುದು. ಹಾಗಾಗಿ ಯಾರಾದರೂ "ಸ್ಪೋರ್ಟ್ ಪ್ರಕಾರ ಸರ್ಜರಿ ವೇಸ್ಟ್" ಅಂದರೂ, "ಸ್ಪೋರ್ಟ್ ಪ್ರಕಾರ ಸರ್ಜರಿಯೇ ಬೆಸ್ಟ್" ಅಂದರೂ, ಅವರು ಅರ್ಧ ಮಾತ್ರ ಓದಿದ್ದಾರೆ ಅಂತ ತಿಳ್ಕೊಳ್ಳಿ.

ಎಷ್ಟು ದಿನ ಕಾಯಬೇಕು?

ಇದನ್ನ ನೋಡಿ ಡಚ್ಚರು ಪ್ರಶ್ನೆಯನ್ನೇ ಬದಲಾಯಿಸಿದರು. ಆಪರೇಷನ್ ಬೇಕಾ ಬೇಡ್ವಾ ಅಂತ ಕೇಳೋ ಬದಲು, ಈಗಲೇ ಬೇಕಾ, ಕಾದು ನೋಡಬಹುದಾ ಅಂತ ಕೇಳಿದರು. 2007ರಲ್ಲಿ ಪ್ರಕಟ ಆದ ಪೌಲ್ ಮತ್ತು ಸಂಗಡಿಗರ ಟ್ರಯಲ್. 6ರಿಂದ 12 ವಾರ ಸಯಾಟಿಕಾ ಇದ್ದ 283 ಜನ. ಒಂದು ಗುಂಪಿಗೆ ಬೇಗ ಆಪರೇಷನ್. ಇನ್ನೊಂದು ಗುಂಪು ಕಾಯಬೇಕು, ಆಗದೇ ಹೋದರೆ ಆಪರೇಷನ್ ಇದ್ದೇ ಇದೆ. ಕಾದವರಲ್ಲಿ ನೂರಕ್ಕೆ 39 ಜನರಿಗೆ ಕೊನೆಗೆ ಆಪರೇಷನ್ ಬೇಕಾಯ್ತು, ಉಳಿದವರಿಗೆ ಬೇಕಾಗಲಿಲ್ಲ. ಬೇಗ ಮಾಡಿಸಿಕೊಂಡವರು ಸುಮಾರು 4 ವಾರದಲ್ಲಿ ಚೇತರಿಸಿಕೊಂಡರು, ಕಾದವರಿಗೆ ಸುಮಾರು 12 ವಾರ ಹಿಡೀತು. ಒಂದು ವರ್ಷದ ಕೊನೆಗೆ ಎರಡೂ ಗುಂಪಿನಲ್ಲಿ 95 ಜನ ಚೇತರಿಸಿಕೊಂಡಿದ್ದೀವಿ ಅಂದರು.

ಅಂದ್ರೆ ಬೇಗ ಆಪರೇಷನ್ ಮಾಡಿಸಿದರೆ ಸಿಗೋದು ಎರಡು ತಿಂಗಳ ನೆಮ್ಮದಿ. ಅದು ದೊಡ್ಡದಾ ಚಿಕ್ಕದಾ ಅನ್ನೋದನ್ನ ನೋವು ತಿಂತಿರೋರೇ ಹೇಳಬೇಕು.

ಹಾಗಂತ ಕಾಯ್ತಾನೇ ಇರೋದಾ? 2020ರಲ್ಲಿ ಕೆನಡಾದ ಬೈಲಿ ಮತ್ತು ಸಂಗಡಿಗರು ಇನ್ನೊಂದು ಟ್ರಯಲ್ ಪ್ರಕಟಿಸಿದರು. ಇವರು ತಗೊಂಡದ್ದು 4ರಿಂದ 12 ತಿಂಗಳಿಂದ ಸಯಾಟಿಕಾ ಅನುಭವಿಸ್ತಾ ಇದ್ದ 128 ಜನರನ್ನ. ಆರು ತಿಂಗಳಾದ ಮೇಲೆ ಹತ್ತರ ಅಳತೆಯಲ್ಲಿ ಕಾಲು ನೋವು ಆಪರೇಷನ್ ಗುಂಪಿನಲ್ಲಿ 2.8, ಉಳಿದವರಲ್ಲಿ 5.2. ಅಂದ್ರೆ ಮೊದಲ ಎರಡು ಮೂರು ತಿಂಗಳು ಕಾಯೋಕೆ ಅರ್ಥ ಇದೆ, ವರ್ಷಗಟ್ಟಲೆ ಹಲ್ಲು ಕಚ್ಚಿಕೊಂಡು ಇರೋಕೆ ಇಲ್ಲ. "ಸೊಂಟಕ್ಕೆ ಕತ್ತಿ ಹಾಕಿಸಿದರೆ ಮುಗೀತು" ಅಂತ ಹೆದರಿ ಕೂತಿರೋರು ಇದನ್ನ ಗಮನಿಸಬೇಕು.

ಸ್ಕ್ರೂ ಹಾಕೋದು: ಯಾವುದಕ್ಕೆ ಹೋಲಿಸಿ?

ಇಲ್ಲಿಯವರೆಗೆ ಕಾಲಿಗೆ ಇಳಿಯೋ ನೋವಿನ ಮಾತಾಯ್ತು. ಬರೀ ಸೊಂಟದಲ್ಲೇ ಕೂತಿರೋ ಹಳೇ ನೋವಿಗೆ ಎರಡು ಮೂಳೆಯನ್ನ ಸ್ಕ್ರೂ, ರಾಡ್ ಹಾಕಿ ಬೆಸೆಯೋ ಫ್ಯೂಷನ್ ಆಪರೇಷನ್ ಇದೆಯಲ್ಲ, ಅದರ ಕಥೆ ಬೇರೆ. ನನಗೆ ಈ ಇಡೀ ಇತಿಹಾಸದಲ್ಲಿ ಹೆಚ್ಚು ಪಾಠ ಕಲಿಸಿದ್ದು ಇದೇ.

2001ರಲ್ಲಿ ಸ್ವೀಡನ್ನಿನಿಂದ ಫಲಿತಾಂಶ ಬಂತು. 294 ಜನ. ಎರಡು ವರ್ಷಕ್ಕೆ ಫ್ಯೂಷನ್ ಆದವರ ಬೆನ್ನು ನೋವು ನೂರಕ್ಕೆ 33ರಷ್ಟು ಇಳಿದಿತ್ತು, ಆಗದವರದ್ದು ಬರೀ 7ರಷ್ಟು. ಫ್ಯೂಷನ್ ಗೆದ್ದಿತು ಅಂತಾಯ್ತು. 2003ರಲ್ಲಿ ನಾರ್ವೆಯ ಬ್ರಾಕ್ಸ್ ಮತ್ತು ಸಂಗಡಿಗರು 64 ಜನರಲ್ಲಿ ನೋಡಿದರೆ ಫ್ಯೂಷನ್ ಆದವರೂ ಆಗದವರೂ ಹೆಚ್ಚು ಕಡಿಮೆ ಒಂದೇ. 2005ರಲ್ಲಿ ಬ್ರಿಟನ್ನಿನ ಫೇರ್‌ಬ್ಯಾಂಕ್ ಮತ್ತು ಸಂಗಡಿಗರು 349 ಜನರಲ್ಲಿ ನೋಡಿದರು. ವ್ಯತ್ಯಾಸ ಎಷ್ಟು ಚಿಕ್ಕದು ಅಂದ್ರೆ, ಆಪರೇಷನ್ ಮೇಲು ಅನ್ನೋಕೆ ಸ್ಪಷ್ಟ ಪುರಾವೆ ಇಲ್ಲ ಅಂತ ಅವರೇ ಬರೆದರು.

ಒಂದೇ ಆಪರೇಷನ್, ಮೂರು ದೇಶ, ಉತ್ತರ ಮಾತ್ರ ಬೇರೆ. ಯಾಕೆ? ಆಪರೇಷನ್ ಆಗದವರಿಗೆ ಏನು ಕೊಟ್ಟರು ಅಂತ ನೋಡಿ. ಸ್ವೀಡನ್ನಿನಲ್ಲಿ ಅವರಿಗೆ ಸಿಕ್ಕಿದ್ದು ಮಾಮೂಲಿ ಫಿಸಿಯೋಥೆರಪಿ. ವರ್ಷಗಳಿಂದ ನೋವಿದ್ದ ಆ ಜನ ಅಂಥದ್ದನ್ನೆಲ್ಲ ಮಾಡಿ ಸೋತೇ ಬಂದಿದ್ದರು. ನಾರ್ವೆ, ಬ್ರಿಟನ್ನಿನಲ್ಲಿ ಕೊಟ್ಟದ್ದು ವಾರಗಟ್ಟಲೆ ನಡೆಯೋ ಗಟ್ಟಿ ತಾಲೀಮು. ದಿನಕ್ಕೆ ಗಂಟೆಗಟ್ಟಲೆ ವ್ಯಾಯಾಮ, ಜೊತೆಗೆ "ಬಗ್ಗಿದರೆ ಡಿಸ್ಕ್ ಒಡೆಯಲ್ಲ, ಹೆದರಬೇಡಿ" ಅಂತ ಕೂತು ಮಾತಾಡಿ ಭಯ ತೆಗೆಯೋದು. ಎದುರಾಳಿ ಬಲವಾದ ಕೂಡಲೇ ಫ್ಯೂಷನ್‌ನ ಗೆಲುವು ಕರಗಿಹೋಯ್ತು.

ಹಾಗಾಗಿ "ಆಪರೇಷನ್ ಒಳ್ಳೆಯದಾ?" ಅನ್ನೋ ಪ್ರಶ್ನೆ ಅಪೂರ್ಣ. ಯಾವುದಕ್ಕೆ ಹೋಲಿಸಿದರೆ ಅಂತ ಕೇಳಬೇಕು. ಇನ್ನು ನಮ್ಮ ಪರಿಸ್ಥಿತಿಗೆ ಬನ್ನಿ. ನಮ್ಮ ಹೆಲ್ತ್ ಇನ್ಶೂರೆನ್ಸ್ ಪಾಲಿಸಿಗಳು ಹೆಚ್ಚಾಗಿ ಆಸ್ಪತ್ರೆಗೆ ಅಡ್ಮಿಟ್ ಆದರೆ ಲಕ್ಷಗಟ್ಟಲೆ ಕೊಡ್ತವೆ, ಮೂರು ತಿಂಗಳು ಫಿಸಿಯೋ ಹತ್ತಿರ ಹೋದರೆ ಸಾಮಾನ್ಯವಾಗಿ ಕೊಡಲ್ಲ. ಕೆಲಸದ ನಡುವೆ ಗಚ್ಚಿಬೌಲಿಯಿಂದ ಕೊಂಡಾಪುರಕ್ಕೆ ಟ್ರಾಫಿಕ್‌ನಲ್ಲಿ ಹೋಗಿ ಇಪ್ಪತ್ತು ನಿಮಿಷ ಶಾಖ ಕೊಡಿಸಿಕೊಂಡು ಬರೋದನ್ನೇ ನಾವು ಫಿಸಿಯೋ ಅಂತೀವಿ. ಆಮೇಲೆ "ಫಿಸಿಯೋ ಮಾಡಿಸಿ ಆಯ್ತು, ಉಪಯೋಗ ಆಗಲಿಲ್ಲ" ಅಂತ ಫೈಲಿನಲ್ಲಿ ಬರೆದುಬಿಡುತ್ತೆ. ಟ್ರಯಲ್‌ನಲ್ಲಿ ಫ್ಯೂಷನ್‌ಗೆ ಸಮ ನಿಂತ ತಾಲೀಮು ಅದಲ್ಲ.

ನಮ್ಮ ಅಪ್ಪ ಅಮ್ಮಂದಿರ ಸೊಂಟ

ಇನ್ನೊಂದು ಕಾಯಿಲೆ ಇದೆ, ಅದು ನಮಗಿಂತ ನಮ್ಮ ಹಿರಿಯರಿಗೆ ಬರೋದು, ಲಂಬಾರ್ ಸ್ಟೆನೋಸಿಸ್. ವಯಸ್ಸಾದಂತೆ ಬೆನ್ನುಮೂಳೆಯ ಒಳಗಿನ ಕಾಲುವೆ ಕಿರಿದಾಗಿ ನರಗಳು ಅಮುಕಿಹೋಗ್ತವೆ. ಬೀದರ್, ಕಲಬುರಗಿ, ರಾಯಚೂರು ಕಡೆಯವರಿಗೆ ದೊಡ್ಡಾಸ್ಪತ್ರೆ ಅಂದ್ರೆ ಇವತ್ತಿಗೂ ಹೈದರಾಬಾದೇ. ಪಂಜಗುಟ್ಟದ ನಿಮ್ಸ್ ಕೂಡ ಮೊದಲು ಶುರುವಾದದ್ದು ನಿಜಾಮರ ಹೆಸರಿನ ಮೂಳೆ ಆಸ್ಪತ್ರೆಯಾಗೇ. ಹಾಗಾಗಿ ಊರಿಂದ ಯಾರಿಗಾದರೂ ಸೊಂಟ ಅಂದರೆ ಫೋನ್ ಬರೋದು ಇಲ್ಲಿರೋ ನಮಗೆ.

ನಮ್ಮ ಸೋದರಮಾವ ಸೇಡಂನಿಂದ ಬಂದು ನಮ್ಮ ಮನೆಯಲ್ಲಿ ಎರಡು ವಾರ ಇದ್ದರು. "ಹತ್ತ್ ಹೆಜ್ಜಿ ನಡದ್ರ ಕಾಲ್ ಜೋಮ್ ಹಿಡಿತಾವ್ ನೋಡಪಾ. ಬಗ್ಗಿ ನಿಂತ್ರ ಆರಾಮ್ ಅನಸ್ತದ" ಅನ್ನೋರು. ಸೂಪರ್‌ಮಾರ್ಕೆಟ್‌ನಲ್ಲಿ ಟ್ರಾಲಿ ಮೇಲೆ ಬಗ್ಗಿಕೊಂಡು ಅರ್ಧ ಗಂಟೆ ಓಡಾಡ್ತಿದ್ದರು, ಬಿಟ್ಟು ನೆಟ್ಟಗೆ ನಿಂತರೆ ಆಗ್ತಿರಲಿಲ್ಲ. ಸ್ಟೆನೋಸಿಸ್‌ನ ಗುರುತೇ ಅದು, ಬಗ್ಗಿದಾಗ ಕಾಲುವೆ ಸ್ವಲ್ಪ ಅಗಲ ಆಗುತ್ತೆ. ಇಬ್ಬರು ಡಾಕ್ಟರನ್ನ ನೋಡಿದೆವು. ಒಬ್ಬರು ಕಾಲುವೆ ಅಗಲ ಮಾಡಿದರೆ ಸಾಕು ಅಂದರು. ಇನ್ನೊಬ್ಬರು ಜೊತೆಗೆ ಸ್ಕ್ರೂ ಹಾಕಿ ಫ್ಯೂಷನ್ನೂ ಮಾಡಬೇಕು ಅಂದರು. ಖರ್ಚಿನಲ್ಲಿ ಅಜಗಜಾಂತರ. "ಇಬ್ಬರೂ ದೊಡ್ ಡಾಕ್ಟರೇ ಅಲ್ಲಾ, ಹಂಗಾದ್ರ ಖರೇ ಯಾರ್ದು?" ಅಂತ ಮಾವ ಕೇಳಿದರು.

ಮಾವನ ಪ್ರಶ್ನೆಯನ್ನೇ ಸರ್ಜನ್‌ಗಳೂ ಕೇಳಿಕೊಂಡಿದ್ದಾರೆ. ಮೊದಲು, ಸ್ಟೆನೋಸಿಸ್‌ಗೆ ಆಪರೇಷನ್ ಬೇಕಾ ಅನ್ನೋದು. 2008ರ ಸ್ಪೋರ್ಟ್ ಫಲಿತಾಂಶದಲ್ಲಿ, ಇಲ್ಲೂ ಜನ ಆ ಕಡೆ ಈ ಕಡೆ ಜಿಗಿದಿದ್ದರೂ, ಆಪರೇಷನ್ ಆದವರು ಎರಡು ವರ್ಷಕ್ಕೆ ಮುಂದಿದ್ದರು. 2015ರಲ್ಲಿ ಬಂದ ಎಂಟು ವರ್ಷದ ಲೆಕ್ಕದಲ್ಲಿ, ಚೀಟಿ ಎತ್ತಿ ಹಂಚಿದವರಲ್ಲಿ ಆ ಲಾಭ ಸವೆದುಹೋಗಿತ್ತು. ಅದೇ ವರ್ಷ ಡೆಲಿಟ್ಟೊ ಮತ್ತು ಸಂಗಡಿಗರು 169 ಜನರಲ್ಲಿ ಆಪರೇಷನ್ನನ್ನೂ ಫಿಸಿಯೋಥೆರಪಿಯನ್ನೂ ಹೋಲಿಸಿದಾಗ ಎರಡು ವರ್ಷಕ್ಕೆ ಓಡಾಟದ ಶಕ್ತಿ ಒಂದೇ ಥರ ಇತ್ತು, ಆದರೆ ಫಿಸಿಯೋ ಗುಂಪಿನ ನೂರಕ್ಕೆ 57 ಜನ ಮಧ್ಯೆ ಆಪರೇಷನ್‌ಗೆ ಹೋಗಿದ್ದರು.

ಆಮೇಲೆ ಸ್ಕ್ರೂ ಪ್ರಶ್ನೆ. 2016ರಲ್ಲಿ ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಟ್ರಯಲ್ ಬಂದವು. ಸ್ವೀಡನ್ನಿನ ಫೋರ್ಸ್ತ್ ಮತ್ತು ಸಂಗಡಿಗರು 247 ಜನರಲ್ಲಿ ನೋಡಿ, ಫ್ಯೂಷನ್ ಸೇರಿಸಿದ್ದರಿಂದ ಎರಡು ವರ್ಷಕ್ಕೆ ಹೆಚ್ಚಿನ ಲಾಭ ಕಾಣಲಿಲ್ಲ, ಆಸ್ಪತ್ರೆ ವಾಸ ಮಾತ್ರ ಸರಾಸರಿ 4.1 ದಿನದಿಂದ 7.4 ದಿನಕ್ಕೆ ಏರಿತು ಅಂದರು. ಅಮೆರಿಕದ ಘೋಗಾವಾಲಾ ಮತ್ತು ಸಂಗಡಿಗರು, ಒಂದು ಮೂಳೆ ಇನ್ನೊಂದರ ಮೇಲೆ ಸ್ವಲ್ಪ ಜಾರಿದ್ದ 66 ಜನರಲ್ಲಿ ಫ್ಯೂಷನ್ ಆದವರಿಗೆ ಸ್ವಲ್ಪ ಹೆಚ್ಚು ಲಾಭ ಕಂಡರು. ಫ್ಯೂಷನ್ ಆಗದವರಲ್ಲಿ ನೂರಕ್ಕೆ 34 ಜನರಿಗೆ ಮತ್ತೊಂದು ಆಪರೇಷನ್ ಬೇಕಾಗಿತ್ತು, ಆದವರಲ್ಲಿ 14 ಜನರಿಗೆ. ಅಂದ್ರೆ ಮಾವ ಕಂಡ ಇಬ್ಬರು ಡಾಕ್ಟರ ಹಿಂದೆಯೂ ಒಂದೊಂದು ಟ್ರಯಲ್ ಇತ್ತು. 2021ರಲ್ಲಿ ನಾರ್ವೆಯವರು, ಹೀಗೇ ಮೂಳೆ ಜಾರಿದ್ದ 267 ಜನರ ದೊಡ್ಡ ಟ್ರಯಲ್ ಪ್ರಕಟಿಸಿದರು. ಸಾಕಷ್ಟು ಸುಧಾರಿಸಿದವರು ಬರೀ ಕಾಲುವೆ ಅಗಲ ಮಾಡಿಸಿದ ಗುಂಪಿನಲ್ಲಿ ನೂರಕ್ಕೆ ಸುಮಾರು 71, ಫ್ಯೂಷನ್ ಗುಂಪಿನಲ್ಲಿ ಸುಮಾರು 73. ಹೆಚ್ಚು ಕಡಿಮೆ ಸಮ. ಮರು ಆಪರೇಷನ್ ಮಾತ್ರ ಮೊದಲ ಗುಂಪಿನಲ್ಲಿ ತುಸು ಹೆಚ್ಚು.

ನಾವು ಎರಡನೇ ಡಾಕ್ಟರ ಹತ್ತಿರ ಮತ್ತೆ ಹೋಗಿ, ಮಾವನ ಮೂಳೆ ಎಷ್ಟು ಜಾರಿದೆ, ಬಗ್ಗಿದಾಗ ಎದ್ದಾಗ ಅಲುಗಾಡುತ್ತಾ, ಸ್ಕ್ರೂ ಇಲ್ಲದೆ ಮಾಡಿದರೆ ಏನು ತೊಂದರೆ ಅಂತ ಕೇಳಿದೆವು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಬಗ್ಗಿಸಿ ಎಬ್ಬಿಸಿ ಎಕ್ಸ್‌ರೇ ತೆಗೆಸಿದರು, ಅಲುಗಾಟ ಇಲ್ಲ ಅಂತ ನೋಡಿ, ಹಾಗಾದರೆ ಕಾಲುವೆ ಅಗಲ ಮಾಡಿದರೂ ನಡೆಯುತ್ತೆ ಅಂತ ಅವರೇ ಹೇಳಿದರು. ಮಾವ ಅದನ್ನ ಮಾಡಿಸಿಕೊಂಡರು. ಈಗ ಹೊಲದ ಬದುವಿನ ತನಕ ನಡೀತಾರೆ. ಇದು ಒಬ್ಬರ ಕಥೆ ಅಷ್ಟೇ, ಪುರಾವೆ ಅಂತ ತಗೋಬೇಡಿ. ಅಲುಗಾಟ ಇದ್ದಿದ್ದರೆ ಉತ್ತರ ಬೇರೆ ಆಗಬಹುದಿತ್ತು.

ಎಂಆರ್‌ಐ ಹೇಳೋದು ಎಷ್ಟು?

1994ರಲ್ಲಿ ಜೆನ್ಸೆನ್ ಮತ್ತು ಸಂಗಡಿಗರು ಸೊಂಟ ನೋವೇ ಇಲ್ಲದ 98 ಜನರ ಎಂಆರ್‌ಐ ತೆಗೆದರು. ಅವರಲ್ಲಿ ನೂರಕ್ಕೆ 52 ಜನರಿಗೆ ಕನಿಷ್ಠ ಒಂದು ಕಡೆ ಡಿಸ್ಕ್ ಬಲ್ಜ್ ಇತ್ತು. ಎಲ್ಲಾ ಡಿಸ್ಕ್‌ಗಳೂ ನಾರ್ಮಲ್ ಅಂತ ಬಂದದ್ದು 36 ಜನರಿಗೆ ಮಾತ್ರ. ವಾಟ್ಸಾಪ್ ಗುಂಪಿನಲ್ಲಿ ರಿಪೋರ್ಟ್ ಹಾಕೋ ಮುಂಚೆ ಇದನ್ನ ನೆನಪಿಟ್ಟುಕೊಳ್ಳಿ. ತಲೆ ನರೆತಿದೆ ಅಂತ ರಿಪೋರ್ಟ್ ಬಂದರೆ ನಾವು ಹೆದರಲ್ಲ, ಬಲ್ಜ್ ಅಂದರೆ ಹೆದರ್ತೀವಿ. ಚಿತ್ರದಲ್ಲಿ ಕಂಡ ಒತ್ತಡ, ಕಾಲಿನಲ್ಲಿ ನೋವಿರೋ ಜಾಗ, ಡಾಕ್ಟರ್ ಕೈಯಿಂದ ಪರೀಕ್ಷೆ ಮಾಡಿ ಕಂಡದ್ದು, ಈ ಮೂರೂ ಒಂದಕ್ಕೊಂದು ತಾಳೆ ಆಗಬೇಕು. ನಾನು ಹೇಳಿದ ಡಿಸ್ಕ್ ಟ್ರಯಲ್‌ಗಳಿಗೆ ರೋಗಿಗಳನ್ನ ಸೇರಿಸಿಕೊಂಡದ್ದೂ ಹಾಗೇ.

ಕೊನೆಗೆ

ಈ ಟ್ರಯಲ್‌ಗಳು ಬಹುಪಾಲು ನಡೆದದ್ದು ನಾರ್ವೆ, ಸ್ವೀಡನ್, ಹಾಲೆಂಡ್, ಬ್ರಿಟನ್, ಅಮೆರಿಕದಲ್ಲಿ. ತಿಂಗಳುಗಟ್ಟಲೆ ಕಾಯೋ ಗುಂಪಿಗೆ ಬಿದ್ದ ಸ್ವೀಡನ್ನಿನ ಕೆಲಸಗಾರನಿಗೆ ಸಂಬಳದ ರಜೆ ಇರುತ್ತೆ. ಕಲಬುರಗಿಯ ತೊಗರಿ ಹೊಲದವನಿಗೆ, ಪ್ರೊಬೇಷನ್‌ನಲ್ಲಿರೋ ನಮ್ಮ ಹುಡುಗನಿಗೆ ಅದು ಇಲ್ಲ. ಹಾಗಾಗಿ ನಮ್ಮ ಜನರ ಮೇಲೆ, ನಮ್ಮ ಆಸ್ಪತ್ರೆಗಳಲ್ಲಿ ಇನ್ನೂ ಟ್ರಯಲ್‌ಗಳು ನಡೀಬೇಕು. ಮದ್ರಾಸಿನಲ್ಲಿ ಅಷ್ಟು ಹಿಂದೆಯೇ ಮಾಡಿ ತೋರಿಸಿದ್ದಾರೆ. 2007ರಿಂದ ನಮ್ಮಲ್ಲಿ ಸಿಟಿಆರ್‌ಐ ಅನ್ನೋ ಸರ್ಕಾರಿ ನೋಂದಣಿ ಇದೆ, ದೇಶದಲ್ಲಿ ನಡೆಯೋ ಟ್ರಯಲ್‌ಗಳನ್ನ ಯಾರು ಬೇಕಾದರೂ ಅದರಲ್ಲಿ ಉಚಿತವಾಗಿ ಹುಡುಕಿ ನೋಡಬಹುದು. ಯಾರಾದರೂ ನಿಮ್ಮನ್ನ ಟ್ರಯಲ್‌ಗೆ ಸೇರಿ ಅಂದರೆ ಮೊದಲು ಅದರ ನೋಂದಣಿ ಸಂಖ್ಯೆ ಕೇಳಿ. "ನಮ್ಮನ್ನ ಇಲಿ ಮಾಡ್ತಾರೆ" ಅಂತ ಸುಮ್ಮನೆ ಹೆದರೋದೂ ಬೇಡ, ಕಣ್ಣು ಮುಚ್ಚಿ ಸಹಿ ಹಾಕೋದೂ ಬೇಡ.

ಡಾಕ್ಟರ ಮುಂದೆ ಕೂತಾಗ ಕೇಳೋಕೆ ನಾಲ್ಕು ಪ್ರಶ್ನೆ ಬರೆದಿಟ್ಟುಕೊಳ್ಳಿ. ಈ ಆಪರೇಷನ್ ನನ್ನ ಕಾಲು ನೋವಿಗಾ, ಸೊಂಟ ನೋವಿಗಾ? ಆರು ವಾರ ಕಾದರೆ ಏನು ಕಳ್ಕೊಳ್ತೀನಿ? ಮಾಡಿಸದೆ ಗಟ್ಟಿ ವ್ಯಾಯಾಮ ಮಾಡಿದರೆ ಎರಡು ವರ್ಷಕ್ಕೆ ಎಲ್ಲಿರ್ತೀನಿ? ಸ್ಕ್ರೂ ಯಾಕೆ ಬೇಕು, ಇಲ್ಲದೆ ಆಗಲ್ವಾ? ಒಳ್ಳೆ ಸರ್ಜನ್‌ಗೆ ಈ ಪ್ರಶ್ನೆಗಳಿಂದ ಸಿಟ್ಟು ಬರಲ್ಲ. ನಾನು ಮೇಲೆ ಹೇಳಿದ ಟ್ರಯಲ್‌ಗಳನ್ನೆಲ್ಲ, ತಮ್ಮದೇ ಆಪರೇಷನ್ ಸೋಲಬಹುದು ಅಂತ ಗೊತ್ತಿದ್ದೂ, ಮುಂದೆ ನಿಂತು ನಡೆಸಿದವರಲ್ಲಿ ಹೆಚ್ಚಿನವರು ಸರ್ಜನ್‌ಗಳೇ.

ಮುಂದಿನ ವಾರ 1908ರ ಮೂಸಿ ಪ್ರವಾಹದ ಕಥೆ ಜೊತೆ ಸಿಗೋಣ. ಇಷ್ಟು ಹೊತ್ತು ಕೂತು ಓದಿದ್ದೀರಿ, ಈಗ ಎದ್ದು ಒಂದು ಸುತ್ತು ನಡೆದು ಬನ್ನಿ.